ಟ್ರಾನ್ಸ್‌ಪ್ಲಾಂಟ್ ಮಾತ್ರೆಯಿಂದ ಕ್ಯಾನ್ಸರ್ ಬರುತ್ತಂತೆ, ಭಾವ ಮಾತ್ರೆನೇ ಬಿಡ್ತೀನಿ ಅಂತಿದಾರೆ, ಏನು ಮಾಡೋದು?

ಮಾತ್ರೆ ಡಬ್ಬಿಯೊಳಗಿನ ಚೀಟಿಲಿ ನಿಮ್ಮ ಭಾವ ಓದಿದ್ದು ಸುಳ್ಳಲ್ಲ. ಆದ್ರೆ ಮಾತ್ರೆ ಬಿಡ್ತೀನಿ ಅಂತ ಹಟ ಹಿಡಿದ್ರೆ ನೀವು ಸುಮ್ನಿರಬೇಡಿ, ಇವತ್ತೇ ಅವರ ಕಿಡ್ನಿ ಡಾಕ್ಟ್ರಿಗೆ ಫೋನ್ ಹಚ್ಚಿ. ನಂಗೂ ಟ್ರಾನ್ಸ್‌ಪ್ಲಾಂಟ್ ಆಗಿದೆ, ಅಮ್ಮ ಕೊಟ್ಟ ಕಿಡ್ನಿ, ತೀರ್ಥಹಳ್ಳಿ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ನಾನು ಡಾಕ್ಟ್ರಲ್ಲ, ಆದ್ರೆ ಇದೇ ವಿಷ್ಯ ಕೇಳಿ ಕೇಳಿ ನಮ್ಮ ಡಾಕ್ಟ್ರ ತಲೆ ತಿಂದಿದೀನಿ.

ಹೊಸ ಕಿಡ್ನಿ ಬೇರೆಯೋರದ್ದು ಅಂತ ಮೈ ಅದ್ರ ಮೇಲೆ ಬೀಳಬಾರ್ದು ಅನ್ನೋದಕ್ಕೆ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಎಲ್ಲ ಕೊಟ್ಟು ರೋಗನಿರೋಧಕ ಶಕ್ತಿನ ತಗ್ಗಿಸಿಡ್ತಾರೆ. ನೆಂಟರು ಬಂದಿದಾರೆ ಅಂತ ನಾಯಿನ ಕಟ್ಟಿಹಾಕಿದ್ರೆ ತೋಟಕ್ಕೆ ಮಂಗ ಬಂದ್ರೂ ಅದು ಕೂತಲ್ಲೇ ಬೊಗಳಬೇಕು ಅಷ್ಟೇ, ಹಂಗೆ ಇದು. ದಾರಿ ತಪ್ಪಿದ ಜೀವಕೋಶನ ಹುಡುಕಿ ಮುಗಿಸೋ ಕೆಲ್ಸ ನಿಧಾನ ಆಗುತ್ತೆ, ಮೈಯೊಳಗೆ ಸುಮ್ನೆ ಮಲಗಿದ್ದ ಕೆಲವು ವೈರಸ್‌ಗಳೂ ಎದ್ದು ಕೂರ್ತವೆ. ಎಪ್‌ಸ್ಟೈನ್ ಬಾರ್ ವೈರಸ್‌ನಿಂದ ಲಿಂಫೋಮಾ, ಅಂದ್ರೆ ದುಗ್ಧಗ್ರಂಥಿಗಳ ಕಡೆ ಬರೋ ಕ್ಯಾನ್ಸರ್ ಬರಬಹುದು, ಎಚ್‌ಪಿವಿ ಅನ್ನೋ ವೈರಸ್‌ನಿಂದ ಗರ್ಭಕಂಠದ ಕ್ಯಾನ್ಸರ್, ಹೆಪಟೈಟಿಸ್ ಬಿ ಇದ್ರೆ ಲಿವರ್‌ದು.

ಎಷ್ಟು ಜಾಸ್ತಿ ಅಂದ್ರೆ, 2011ರಲ್ಲಿ ಅಮೆರಿಕದಲ್ಲಿ 1,75,000ಕ್ಕೂ ಜಾಸ್ತಿ ಟ್ರಾನ್ಸ್‌ಪ್ಲಾಂಟ್ ಲೆಕ್ಕ ಹಾಕಿ ನೋಡಿದಾಗ ಒಟ್ಟಾರೆ ಕ್ಯಾನ್ಸರ್ ಸಾಮಾನ್ಯ ಜನಕ್ಕಿಂತ ಸುಮಾರು 2 ಪಟ್ಟು ಕಂಡಿತ್ತು. ಎರಡು ಪಟ್ಟು ಅಂದ ಕೂಡ್ಲೇ ಹೆದರಬೇಡಿ, ಅಂದ್ರೆ ಎಲ್ರಿಗೂ ಬರುತ್ತೆ ಅಂತಲ್ಲ, ಬಹಳಷ್ಟು ಜನಕ್ಕೆ ಬರೋದೇ ಇಲ್ಲ. ಬಿಳಿ ಚರ್ಮದೋರಿಗೆ ಚರ್ಮದ ಕ್ಯಾನ್ಸರ್ ತುಂಬಾನೇ ಕಾಟ ಕೊಡುತ್ತೆ, ನಮ್ಮ ಬಣ್ಣದೋರಿಗೆ ಅದು ಕಮ್ಮಿ. ಆದ್ರೂ ನಾನು ಬಿಸಿಲಲ್ಲಿ ತುಂಬು ತೋಳಿನ ಅಂಗಿ, ಹಾಳೆ ಟೊಪ್ಪಿ ಬಿಟ್ಟು ತೋಟಕ್ಕೆ ಇಳಿಯಲ್ಲ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ಬೆಳಿಗ್ಗೆಯಿಂದ ರಾತ್ರಿ ತನಕ ಭಾವನ ಬಾಯಲ್ಲಿ ಎಲೆಅಡಿಕೆ ಇರುತ್ತೆ ಅಂತ ನೀವೇ ಕೊನೇ ಸಾಲಲ್ಲಿ ಬರೆದಿದೀರಿ ಮಾರಾಯ್ರೆ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದೋರು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರೋ ವಸ್ತುಗಳದ್ದು ಒಂದು ಪಟ್ಟಿ ಇಟ್ಟಿದಾರೆ, ಗ್ರೂಪ್ 1 ಅಂತ. ಟ್ರಾನ್ಸ್‌ಪ್ಲಾಂಟ್ ಆದೋರಿಗೆ ಕೊಡೋ ಸೈಕ್ಲೋಸ್ಪೊರಿನ್, ಅಜಥಯೋಪ್ರಿನ್ ಅದ್ರಲ್ಲಿವೆ, ಅದೇ ಪಟ್ಟಿಲಿ ಅಡಿಕೆನೂ ಇದೆ, ಹೊಗೆಸೊಪ್ಪು ಇಲ್ಲದ ಬರೀ ಅಡಿಕೆ. ಇದು ಹೇಳಿದ್ರೆ ನಮ್ಮೂರಲ್ಲಿ ಮೈಮೇಲೆ ಬರ್ತಾರೆ, ಅಜ್ಜ ತೊಂಬತ್ತು ವರ್ಷ ಕವಳ ಹಾಕಿ ಗಟ್ಟಿಯಾಗಿದ್ದ ಅಂತಾರೆ. ಇದ್ದಿರಬಹುದು, ಆದ್ರೆ ಅಜ್ಜ ಟ್ಯಾಕ್ರೋಲಿಮಸ್ ನುಂಗ್ತಿರಲಿಲ್ಲ. ಅಡಿಕೆ ಬೆಳೆದೇ ನನ್ನ ಮನೆ ನಡೀತಿರೋದು, ಮಂಡಿಗೆ ಹಾಕ್ತೀನಿ, ಬಾಯಿಗೆ ಹಾಕಲ್ಲ. ಗುಟ್ಕಾ, ಹೊಗೆಸೊಪ್ಪು, ಬೀಡಿ ಇದ್ರೆ ಇನ್ನೂ ಕಷ್ಟ. ಮಾತ್ರೆ ಬಿಟ್ರೆ ಕಿಡ್ನಿ ಕೈಕೊಡುತ್ತೆ, ಮತ್ತೆ ಡಯಾಲಿಸಿಸ್ಸು. ಎಲೆಅಡಿಕೆ ಬಿಟ್ರೆ ಮದುವೆಮನೆಲಿ ನಾಲ್ಕು ಜನ ಏನಯ್ಯಾ ಅಂತಾರೆ, ಅಷ್ಟೇ ನಷ್ಟ.

ಅವರ ಬಾಯಿನ ಒಂದ್ಸಲ ಬೆಳಕಲ್ಲಿ ನೋಡಿ. ಕೆನ್ನೆ ಒಳಗೆ ಬಿಳಿ ಇಲ್ಲಾ ಕೆಂಪು ಮಚ್ಚೆ, ಎರಡು ವಾರ ಆದ್ರೂ ಮಾಗದ ಹುಣ್ಣು, ಮೊದ್ಲಿನಷ್ಟು ಬಾಯಿ ತೆರೆಯೋಕೆ ಆಗ್ದೇ ಇರೋದು, ಖಾರ ತಿಂದ್ರೆ ಉರಿ, ಇದ್ರಲ್ಲಿ ಯಾವ್ದೇ ಇದ್ರೂ ಹಲ್ಲಿನ ಡಾಕ್ಟ್ರ ಹತ್ರ ತಡ ಮಾಡ್ದೇ ಕರ್ಕೊಂಡು ಹೋಗಿ, ಟ್ರಾನ್ಸ್‌ಪ್ಲಾಂಟ್ ಆಗಿದೆ ಅಂತ ಮೊದ್ಲೇ ಹೇಳಿ. ಕುತ್ತಿಗೆ, ಕಂಕುಳು, ತೊಡೆಸಂದಿಲಿ ಗಂಟು, ಕಾರಣ ಇಲ್ಲದ ಜ್ವರ, ತೂಕ ಇಳಿಯೋದು, ಮೂತ್ರದಲ್ಲಿ ರಕ್ತ ಇವನ್ನೂ ಕಡೆಗಣಿಸಬೇಡಿ.

ಇನ್ನೊಂದು, ಹಳೇ ಕಿಡ್ನಿಗಳನ್ನ ಸಾಮಾನ್ಯವಾಗಿ ತೆಗೆಯಲ್ಲ, ಅವು ಬೆನ್ನ ಕಡೆ ಹಂಗೇ ಇರ್ತವೆ, ಹೊಸದನ್ನ ಕೆಳಹೊಟ್ಟೆಲಿ ಕೂರಿಸಿರ್ತಾರೆ. ತುಂಬಾ ವರ್ಷ ಡಯಾಲಿಸಿಸ್ ಆದೋರ ಹಳೇ ಕಿಡ್ನಿಲಿ ನೀರ್ಗುಳ್ಳೆ ಆಗಿ ಅಲ್ಲೂ ಕ್ಯಾನ್ಸರ್ ಹುಟ್ಟಬಹುದು. ಹಂಗಾಗಿ ಸ್ಕ್ಯಾನಿಂಗ್ ಮಾಡಿಸೋವಾಗ ಹಳೇ ಎರಡೂ ನೋಡಬೇಕಾ ಅಂತ ಡಾಕ್ಟ್ರನ್ನ ಕೇಳಿ.

ಇಷ್ಟೆಲ್ಲ ಆದ್ಮೇಲೂ ಭಾವನಿಗೆ ಭಯ ಹೋಗ್ಲಿಲ್ಲ ಅಂದ್ರೆ ಡೋಸ್ ವಿಷ್ಯ ಮಾತಾಡೋ ಹಕ್ಕು ಅವರಿಗಿದೆ. ವರ್ಷ ಕಳೆದ ಹಾಗೆ ರಕ್ತದಲ್ಲಿ ಮಾತ್ರೆ ಲೆವೆಲ್ ಎಷ್ಟಿದೆ ಅಂತ ನೋಡಿ ಡೋಸ್ ಇಳಿಸ್ತಾರೆ, ಕೆಲವ್ರಿಗೆ ಸಿರೋಲಿಮಸ್ ಅನ್ನೋ ಇದೇ ಥರದ ಬೇರೆ ಮಾತ್ರೆಗೆ ಬದಲಾಯಿಸ್ತಾರೆ, ಅದು ಎಲ್ರಿಗೂ ಹೊಂದಲ್ಲ. ಸ್ವಂತಕ್ಕೆ ಮಾತ್ರ ಏನೂ ಮಾಡೋದು ಬೇಡ. ಇಮ್ಯೂನಿಟಿ ಹೆಚ್ಚಲಿ ಅಂತ ಅಮೃತಬಳ್ಳಿ ಕಷಾಯ ಕುಡಿಯೋದೂ ಬೇಡ, ಇಮ್ಯೂನಿಟಿ ಹೆಚ್ಚಿದ್ರೆ ಮೊದ್ಲು ಏಟು ಬೀಳೋದು ಆ ಕಿಡ್ನಿಗೇ. ಹಿತ್ತಲ ಚಕ್ಕೋತ ಹಣ್ಣೂ ಬೇಡ, ಟ್ಯಾಕ್ರೋಲಿಮಸ್ ಲೆವೆಲ್ ಏರಿಸುತ್ತೆ.

ಮುಂದಿನ ರಿವ್ಯೂಗೆ ನೀವೂ ಭಾವನ ಜೊತೆ ಒಳಗೇ ಹೋಗಿ ಕೂತ್ಕೊಳ್ಳಿ. ಎಲೆಅಡಿಕೆ ವಿಷ್ಯ ಅವರಾಗೇ ಡಾಕ್ಟ್ರಿಗೆ ಹೇಳ್ತಾರೆ ಅಂತ ನಂಗೇನೂ ನಂಬಿಕೆ ಇಲ್ಲ.