ಮನೆಖರ್ಚಿನ ಹಣ ಮತ್ತು ಮುಚ್ಚಿಟ್ಟ ಸಾಲ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ದಂಪತಿಗಳ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಈಚಿನ ವರ್ಷಗಳಲ್ಲಿ ನನ್ನ ಬಳಿಗೆ ಬರುವ ಕುಟುಂಬಗಳಲ್ಲಿ ಹಲವು ‘ಹೆಂಡತಿ ನಂಬಿಕೆದ್ರೋಹ ಮಾಡಿದಳು’ ಎಂಬ ದೂರಿನಿಂದ ಮಾತು ಆರಂಭಿಸಿ, ಕೊನೆಗೆ ಅಕ್ಕಿ, ಎಣ್ಣೆ, ಶಾಲೆಯ ಶುಲ್ಕಗಳ ಲೆಕ್ಕಕ್ಕೆ ಬಂದು ನಿಲ್ಲುತ್ತಿವೆ. ಇದನ್ನು ದಾಂಪತ್ಯದ ಸಮಸ್ಯೆ ಎಂದಷ್ಟೇ ನೋಡಿದರೆ ನಾವು ಕೊಡುವ ಸಲಹೆ ತಪ್ಪುದಾರಿ ಹಿಡಿಯುತ್ತದೆ ಎಂಬುದು ನನ್ನ ಅನುಭವ.

ಪತಿ ಬೆಂಗಳೂರಿನ ಅಂಚಿನ ಕೈಗಾರಿಕಾ ಪ್ರದೇಶದಲ್ಲಿ ಯಂತ್ರ ನಡೆಸುವವರು. ಪತ್ನಿ ಮನೆಯಲ್ಲೇ ರವಿಕೆ ಹೊಲಿದು, ಸೀರೆಗೆ ಫಾಲ್ ಹಾಕಿ ಅಷ್ಟಿಷ್ಟು ಸಂಪಾದಿಸುವವರು. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಬಾಡಿಗೆಯನ್ನೂ ತಿಂಗಳ ಚೀಟಿಯ ಕಂತನ್ನೂ ಪತಿ ತಾವೇ ಕಟ್ಟಿ, ಮನೆಖರ್ಚಿಗೆಂದು 11,000 ರೂಪಾಯಿಯನ್ನು ಪತ್ನಿಯ ಕೈಗೆ ಕೊಡುತ್ತಿದ್ದರು. ಆ ಮೊತ್ತ 2021ರಿಂದ ಬದಲಾಗಿರಲಿಲ್ಲ. ಒಂದು ಸಂಜೆ ವಾರದ ಕಂತು ವಸೂಲಿಗೆ ಬಂದವರು ಬಾಗಿಲಲ್ಲೇ ಕುಳಿತುಬಿಟ್ಟಾಗ, ಪತ್ನಿಯ ಹೆಸರಿನಲ್ಲಿ ಮೂರು ಕಡೆ ಸಂಘದ ಸಾಲವಿರುವುದು ಪತಿಗೆ ಮೊದಲ ಬಾರಿಗೆ ತಿಳಿಯಿತು. ಸರ್ಕಾರದ ಗೃಹಲಕ್ಷ್ಮಿ ಯೋಜನೆಯಿಂದ ಬರುವ 2,000 ರೂಪಾಯಿಯೂ ಕಂತಿಗೇ ಹೋಗುತ್ತಿತ್ತು.

ಪತ್ನಿಯೊಂದಿಗೆ ಮೊದಲು ಪ್ರತ್ಯೇಕವಾಗಿ ಮಾತನಾಡಿದೆ. ಸಾಲದ ಪ್ರಕರಣಗಳಲ್ಲಿ ಪ್ರಾಣಕ್ಕೆ ಅಪಾಯ ತಂದುಕೊಳ್ಳುವ ಯೋಚನೆ ಇದೆಯೇ ಎಂಬುದನ್ನು ನೇರವಾಗಿ ಕೇಳಿ ತಿಳಿಯದೆ ಮುಂದಿನ ಮಾತಿಗೆ ಹೋಗಬಾರದು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಇಂಥವರಿಗೆಲ್ಲ ಬರೆದುಕೊಡುತ್ತೇನೆ, ಇವರಿಗೂ ಕೊಟ್ಟೆ.

ಜಂಟಿಯಾಗಿ ಕೂರಿಸಿದ ದಿನ ಪತಿಯ ಬಳಿ ಒಂದೇ ಪ್ರಶ್ನೆಯಿತ್ತು. “ಮೊದಲು ಹನ್ನೊಂದು ಸಾವಿರದಲ್ಲೇ ಮನೆ ನಡೀತಿತ್ತಲ್ಲ ಮೇಡಂ, ಈಗ ಯಾಕೆ ಸಾಲಲ್ಲ? ದುಡ್ಡೆಲ್ಲ ಎಲ್ಲಿ ಹೋಯ್ತು ಅಂತ ಕೇಳಿದ್ರೆ ಅಳ್ತಾಳೆ. ಇವಳಿಗೆ ಬಸ್ಸೂ ಫ್ರೀ, ಕರೆಂಟೂ ಫ್ರೀ.” ಬಸ್ಸಿನ ಮಾತಿನಲ್ಲಿ ಅವರ ಸ್ವಂತ ಸಂಕಟವೂ ಇತ್ತೆಂಬುದನ್ನು ಗಮನಿಸಬೇಕು, ಏಕೆಂದರೆ 2025ರ ಜನವರಿಯಲ್ಲಿ ಶೇ 15ರಷ್ಟು ಏರಿದ ಬಸ್ ದರವನ್ನು ಆ ಮನೆಯಲ್ಲಿ ದಿನವೂ ತೆರುತ್ತಿದ್ದವರು ಅವರೇ. ಕರೆಂಟಿನ ಕಥೆ ಬೇರೆಯಿತ್ತು. ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆಂಬ ಭಯದಿಂದ ಪತ್ನಿ ಹೊಲಿಗೆ ಯಂತ್ರದ ಮೋಟರು ಕಳಚಿಟ್ಟು ಕಾಲಿನಲ್ಲಿ ತುಳಿಯುತ್ತಿದ್ದರು, ಅದರಿಂದ ದಿನಕ್ಕೆ ಮುಗಿಯುವ ರವಿಕೆಗಳೂ ಕಡಿಮೆಯಾಗಿದ್ದವು.

ಪತ್ನಿ ಬಹಳ ಹೊತ್ತು ಸುಮ್ಮನಿದ್ದು, ನನ್ನ ಕಡೆಗೆ ತಿರುಗಿ ಹೇಳಿದರು: “ಎಲ್ಲಿ ಹೋಯ್ತು ಅಂತ ತಿಂಗಳಾ ತಿಂಗಳಾ ಕೇಳ್ತಾರೆ ಮೇಡಂ. ಎಷ್ಟು ಬೇಕು ಅಂತ ಒಂದು ಸಲಾನೂ ಕೇಳಿಲ್ಲ.”

ಅಂದಿನ ಉಳಿದ ಸಮಯವನ್ನೆಲ್ಲ ನಾನು ಆ ಮಾತಿಗೇ ಕೊಟ್ಟೆ. ಹಾಲಿನ ಲೆಕ್ಕದಿಂದ ಆರಂಭಿಸಿದೆವು. ನಂದಿನಿ ಹಾಲಿಗೆ 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚುವರಿ ಹಾಲು ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿಯನ್ನು ಹಿಂತೆಗೆದು ಲೀಟರಿಗೆ 4 ರೂಪಾಯಿ ಹೆಚ್ಚಿಸಿದರು. ಅದೇ ತಿಂಗಳು ಅಡುಗೆ ಅನಿಲದ ಸಿಲಿಂಡರಿಗೂ 50 ರೂಪಾಯಿ ಏರಿತು. ಪತ್ನಿ ಇವನ್ನು ಬರೆದಿಟ್ಟದ್ದೇನನ್ನೂ ನೋಡದೆ ಹೇಳುತ್ತಾ ಹೋದರು. ಎರಡು ಪ್ಯಾಕೆಟ್ ಹಾಲು ಒಂದಾದದ್ದು, ತೊಗರಿಬೇಳೆಯ ಸಾರು ವಾರದಲ್ಲಿ ಎರಡು ದಿನಕ್ಕೆ ಇಳಿದದ್ದು, ಮಗಳ ಶಾಲೆಯ ಎರಡನೆಯ ಕಂತಿಗಾಗಿ ಮೊದಲ ಸಾಲ ಮಾಡಿದ್ದು, ಆ ಸಾಲ ತೀರಿಸಲು ಎರಡನೆಯದನ್ನು ಎತ್ತಿದ್ದು, ಎಲ್ಲವೂ ಹೊರಬಂತು.

ಆಗ ಪತಿಯೂ ಒಂದು ವಿಷಯ ಹೇಳಿದರು. ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತು ಬಹಳ ಕಾಲವಾಗಿತ್ತು. ಮನೆಯಲ್ಲಿ ಅದನ್ನು ಹೇಳಲಾಗದೆ, ಹನ್ನೊಂದು ಸಾವಿರ ಕಡಿಮೆಯಾಗಬಾರದೆಂದು ಅವರು ಸಹೋದ್ಯೋಗಿಗಳಲ್ಲಿ ಕೈಸಾಲ ಮಾಡುತ್ತಿದ್ದರು. ಆ ಹಣ ಸಾಲದೆಂದು ಆಕೆ ಸಾಲ ಮಾಡುತ್ತಿದ್ದರು, ಅದೇ ಮೊತ್ತವನ್ನು ಉಳಿಸಿಕೊಳ್ಳಲು ಈತ ಸಾಲ ಮಾಡುತ್ತಿದ್ದರು.

ಮೈಕ್ರೋಫೈನಾನ್ಸ್ ಸಾಲಗಳ, ಅಂದರೆ ಇಂಥ ಅಡಮಾನವಿಲ್ಲದ ಸಂಘದ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮವು ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳನ್ನು ಒಂದು ಕುಟುಂಬವೆಂದು ಪರಿಗಣಿಸಿ, ಎಲ್ಲರ ಆದಾಯವನ್ನೂ ಎಲ್ಲರ ಸಾಲವನ್ನೂ ಒಟ್ಟಿಗೆ ನೋಡಬೇಕೆನ್ನುತ್ತದೆ. ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧವನ್ನು ಮೀರುವಂತಿಲ್ಲ. ಆದರೆ ಸಾಲದ ಅರ್ಜಿಯಲ್ಲಿ ಗಂಡನ ಸಂಬಳ ಬರೆಸುವಾಗ ಈಕೆ ಅಂದಾಜಿನ ಮೇಲೆ ಹೇಳಿದ್ದರು, ಏಕೆಂದರೆ ಅದೆಷ್ಟೆಂದು ಅವರಿಗೆ ತಿಳಿದೇ ಇರಲಿಲ್ಲ. ರಿಸರ್ವ್ ಬ್ಯಾಂಕ್ ಒಂದೆಂದು ಎಣಿಸುವ ಆದಾಯವನ್ನು ಆ ಮನೆಯ ಇಬ್ಬರೂ ಒಟ್ಟಿಗೆ ಎಣಿಸಿದ್ದೇ ಇಲ್ಲ, ಮತ್ತು ಇಂಥ ಮನೆಗಳು ನಮ್ಮಲ್ಲಿ ವಿರಳವಲ್ಲ.

ನಾನು ಕೊಟ್ಟ ಸಲಹೆಯ ಮೊದಲ ಭಾಗ ಸರಳವಾದದ್ದು: ಸಂಬಳದ ಚೀಟಿಯೂ ಸಾಲದ ಪುಸ್ತಕಗಳೂ ಕೈಸಾಲದ ಪಟ್ಟಿಯೂ ಒಂದೇ ಕಡೆ ಇರಬೇಕು, ಹಳೆಯ ಸಾಲಕ್ಕಾಗಿ ಹೊಸ ಸಾಲ ಎತ್ತಬಾರದು, ಮನೆಖರ್ಚಿನ ಮೊತ್ತವನ್ನು ಯುಗಾದಿಗೊಮ್ಮೆ, ದಸರೆಗೊಮ್ಮೆ ಇಬ್ಬರೂ ಕುಳಿತು ಹೊಸದಾಗಿ ನಿರ್ಧರಿಸಬೇಕು. ಸಂಜೆ ಆರರ ನಂತರ ಕರೆ ಮಾಡಿ ಪೀಡಿಸುವುದಕ್ಕೆ ವಸೂಲಿಗಾರರಿಗೆ ಅವಕಾಶವಿಲ್ಲವೆಂಬುದನ್ನೂ, ಬಲವಂತದ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರಿಂದ ಪ್ರತ್ಯೇಕ ಕಾನೂನೇ ಇದೆಯೆಂಬುದನ್ನೂ ತಿಳಿಸಿದೆ.

ಆಕ್ಷೇಪಣೆ ಬಂದದ್ದು ಎರಡನೆಯ ಭಾಗಕ್ಕೆ. ಪತ್ನಿಯ ತವರಿನ ಸರ ಮಾರಿ ಸಾಲ ತೀರಿಸಬೇಕೆಂದು ಅತ್ತೆ ಹಟ ಹಿಡಿದಿದ್ದರು. ಸರವನ್ನು ಮುಟ್ಟಬೇಡಿ, ನಿವೇಶನಕ್ಕೆಂದು ಕಟ್ಟುತ್ತಿರುವ ಚೀಟಿಯನ್ನು ಕೂಗಿ ಆ ಹಣದಲ್ಲಿ ವಾರದ ಕಂತಿನ ಸಾಲಗಳನ್ನು ಮೊದಲು ಮುಗಿಸಿ ಎಂದು ನಾನು ಹೇಳಿದೆ. “ಸಾಲ ಮಾಡಿದ್ದು ಅವಳು, ಚೀಟಿ ಕೂಗಬೇಕಾದವನು ನಾನಾ?” ಎಂದು ಪತಿ ಕೇಳಿದರು. ಕೂಗಿದರೆ ಕಸರು, ಅಂದರೆ ಹರಾಜಿನಲ್ಲಿ ಬಿಟ್ಟುಕೊಡುವ ಮೊತ್ತ, ಹೋಗುತ್ತದೆ, ನಷ್ಟವಾಗುತ್ತದೆ ಎಂಬುದು ನಿಜ. ಆದರೂ ನನ್ನ ನಿಲುವು ಬದಲಾಗಿಲ್ಲ. ಆ ಸಾಲದಿಂದ ಬಂದದ್ದು ಒಡವೆಯೂ ಅಲ್ಲ, ರೇಷ್ಮೆ ಸೀರೆಯೂ ಅಲ್ಲ. ಮನೆಮಂದಿಯೆಲ್ಲ ಉಂಡ ಊಟ ಮತ್ತು ಮಗಳ ಶಾಲೆಯ ಶುಲ್ಕ. ಮನೆಯ ಸಾಲವನ್ನು ಮನೆಯ ಉಳಿತಾಯದಿಂದ ತೀರಿಸಬೇಕೇ ಹೊರತು, ಆಕೆಗೆ ಸ್ವಂತದ್ದೆಂದು ಇರುವ ಒಂದೇ ಆಸ್ತಿಯಿಂದಲ್ಲ.

ಇದನ್ನು ಆರ್ಥಿಕ ದೌರ್ಜನ್ಯವೆಂದು ಏಕೆ ಪರಿಗಣಿಸಲಿಲ್ಲ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆ ಕಲ್ಪನೆ ಇದೆ, ಹಣವಿದ್ದೂ ಕೊಡದೆ ಸತಾಯಿಸುವ ಗಂಡಂದಿರ ವಿಷಯದಲ್ಲಿ ಅದನ್ನು ಬಳಸಲು ನಾನು ಹಿಂಜರಿದವಳಲ್ಲ. ಈತ ತನ್ನಲ್ಲಿಲ್ಲದ ಹಣವನ್ನು ಇದೆಯೆಂದು ತೋರಿಸುತ್ತಿದ್ದವರು. ಅದಕ್ಕೆ ಬೇಕಾದದ್ದು ಬೇರೆ ಮದ್ದು.

ಚೀಟಿ ಕೂಗಿ ಮೂರರಲ್ಲಿ ಎರಡು ಸಾಲಗಳನ್ನು ತೀರಿಸಿದ್ದಾರೆ. ಮೋಟರು ಮತ್ತೆ ಯಂತ್ರಕ್ಕೆ ಸೇರಿದೆ. ಪತಿ ಈಗಲೂ ಅಂಗಡಿಯ ಬಿಲ್ಲು ಕೇಳುತ್ತಾರಂತೆ, ಅತ್ತೆ ನನ್ನ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುತ್ತಾರಂತೆ. ಮಗಳನ್ನು ಎಂಟನೆಯ ತರಗತಿಗೆ ಸರ್ಕಾರಿ ಶಾಲೆಗೆ ಸೇರಿಸುವ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ; ಮುಂದಿನ ಭೇಟಿಗೆ ಅವಳನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.