ಹಂಪ್ ದಾಟಿದ ಮೇಲೆ ಬೋರ್ಡು

ಪ್ರಶ್ನೆ: ಮುಳಬಾಗಿಲು ದಾರಿಯಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಅನ್ನೋ ಬೋರ್ಡು ಓದಿದಾಗಿನಿಂದ ಗೊಂದಲ. ಮುಂದಿನ ಸಲ ವಿಧಾನಸಭೆಗೆ ಪಕ್ಷೇತರನಾಗಿ ನಿಲ್ಲಲೋ ಬೇಡವೋ?
– ಓದುಗ, ಮುಳಬಾಗಿಲು

ಉತ್ತರ: ನಿಲ್ಲಿ, ಆದರೆ ಎಲ್ಲಿ? ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಮೂರೂ ಪರಿಶಿಷ್ಟ ಜಾತಿಗೆ ಮೀಸಲು. ನೀವು ಆ ವರ್ಗದವರಲ್ಲದಿದ್ದರೆ ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಸ್ಟಿಯರಿಂಗ್ ತಿರುಗಿಸಿ. ವಯಸ್ಸು 25 ತುಂಬಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದೆ ಸೋತರೆ ಅದು ಗೋತಾ.

ಹಂಪ್ ದಾಟಿದ ಮೇಲೆ ‘ಮುಂದೆ ಹಂಪ್ ಇದೆ’ ಅನ್ನೋ ಬೋರ್ಡು ಕಾಣುತ್ತಲ್ಲ, ನಾಮಪತ್ರವೂ ಹಾಗೇ. ಎಡವಟ್ಟು ಗೊತ್ತಾಗೋದು ಪರಿಶೀಲನೆಯ ದಿನ. ಪಕ್ಷೇತರರಿಗೆ ಸೂಚಕರು, ಅಂದರೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಹತ್ತು ಜನ, ಎಲ್ಲರೂ ನಿಲ್ಲುವ ಕ್ಷೇತ್ರದ ಮತದಾರರೇ ಆಗಿರಬೇಕು. ಮುಳಬಾಗಿಲಿನ ನೆಂಟರಿಷ್ಟರು ಮಾಲೂರಿಗೆ ಸಹಿ ಹಾಕಿದರೆ ಉಪಯೋಗವಿಲ್ಲ. ಹೆಬ್ಬೆಟ್ಟು ಒತ್ತುವವರನ್ನು ಚುನಾವಣಾಧಿಕಾರಿ ಎದುರಿಗೇ ಕರೆದೊಯ್ಯಿರಿ. ನಿಮ್ಮ ಹೆಸರು ಬೇರೆ ಕ್ಷೇತ್ರದ ಪಟ್ಟಿಯಲ್ಲಿದ್ದರೆ ಅದರ ದೃಢೀಕೃತ ಪ್ರತಿ ಜೊತೆಗಿರಲಿ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಒಂದು ಕಾಲಮ್ಮೂ ಖಾಲಿ ಬೇಡ. ಸಾಲವಿಲ್ಲದಿದ್ದರೆ ‘ಇಲ್ಲ’ ಅಂತಲೇ ಬರೆಯಿರಿ (ಇಂಥ ಅಭ್ಯರ್ಥಿ ಅಪರೂಪ). ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಬಾಗಿಲು ಬಂದ್. ಅಲ್ಲಿ ಮಾತ್ರ ಆ ಬೋರ್ಡಿನ ಮಾತು ಕೇಳಬೇಡಿ, ಅವಸರ ಮಾಡಿ.