16 ದಿನ, 4 ಲಕ್ಷ, ಇಬ್ಬರು: ಯುರೋಪಿಗೆ ಹೋಗುವುದಾದರೆ ಮೊದಲು ಊರು ಕಡಿಮೆ ಮಾಡಿ

ನೀವು ಕೇಳಿದ್ದು ಇಷ್ಟು. ಹೊನ್ನಾವರದ ಗಂಡ ಹೆಂಡತಿ, ಇಬ್ಬರೂ ಸರ್ಕಾರಿ ಶಾಲೆ ಶಿಕ್ಷಕರು, ಮೇ ತಿಂಗಳಲ್ಲಿ 16 ದಿನ, ಕೈಯಲ್ಲಿ 4 ಲಕ್ಷ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್ಲೆಂಡ್, ಪ್ರಾಗ್, ವೆನಿಸ್, ರೋಮ್ ಎಲ್ಲ ಆಗಬೇಕು, ಪ್ಯಾಕೇಜ್ ಟೂರ್ ಬೇಡ, ಇದು ಸಾಧ್ಯವಾ?

ಹೋಗಿ ಬರುವುದು ಖಂಡಿತ ಸಾಧ್ಯ. ಆದರೆ ಆರೂ ಕಡೆ ಹೋಗಬೇಡಿ. ನಾನು ಶಿರಸಿ ಕಡೆಯವನು, ಅಡಿಕೆ ತೋಟ ನಮ್ಮದು, ಎರಡು ಸಲ ಯುರೋಪಿಗೆ ಹೋಗಿ ಬಂದಿದ್ದೇನೆ. 2017ರಲ್ಲಿ ಇಬ್ಬರು ಗೆಳೆಯರ ಜೊತೆ 12 ದಿನದಲ್ಲಿ ಆರು ಊರು ಸುತ್ತಿದೆ. ವೆನಿಸ್‌ನಲ್ಲಿ ಇದ್ದದ್ದು ಒಂದೇ ಮಧ್ಯಾಹ್ನ. ಈಗ ಕಣ್ಣು ಮುಚ್ಚಿದರೆ ನೆನಪಾಗುವುದು ಸೇತುವೆಯ ಮೆಟ್ಟಿಲ ಮೇಲೆ ಬ್ಯಾಗ್ ಎತ್ತಿಕೊಂಡು ಓಡಿದ್ದು, ನೀರಲ್ಲ, ಊರಲ್ಲ. ಅಷ್ಟು ದುಡ್ಡು ಹಾಕಿ ಹೋದದ್ದಕ್ಕೆ ಇವತ್ತಿಗೂ ಬೇಜಾರಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದಿನ ಎಣಿಸಬೇಡಿ, ರಾತ್ರಿ ಎಣಿಸಿ. 16 ದಿನ ಅಂದರೆ ಹೋಗುವ ದಿನ ಬರುವ ದಿನ ಕಳೆದು ಅಲ್ಲಿ ಮಲಗುವುದು 14 ರಾತ್ರಿ. ಒಂದು ಊರಿಂದ ಇನ್ನೊಂದಕ್ಕೆ ಹೋಗುವ ದಿನ ಬೆಳಿಗ್ಗೆ ಎದ್ದು ಗಂಟುಮೂಟೆ ಕಟ್ಟಿ, ಹತ್ತು ಹನ್ನೊಂದಕ್ಕೆ ರೂಮ್ ಬಿಟ್ಟು, ರೈಲು ಹಿಡಿದು, ಹೊಸ ಊರಲ್ಲಿ ದಾರಿ ಹುಡುಕಿ, ಎರಡೋ ಮೂರೋ ಗಂಟೆಗೆ ಹೊಸ ರೂಮಿನ ಬೀಗ ಸಿಗುವಷ್ಟರಲ್ಲಿ ದಿನದ ಒಳ್ಳೆಯ ಭಾಗ ಹೋಗಿರುತ್ತದೆ. ಆರು ಊರಿಗೆ ಐದು ಸಲ ಹೀಗೆ. ಜೊತೆಗೆ ಐದು ಸಲದ ಟಿಕೆಟ್ ದುಡ್ಡು. ಸ್ವಿಟ್ಜರ್ಲೆಂಡ್ ಅಂತೂ ನಿಮ್ಮ ಬಜೆಟ್ಟನ್ನು ಒಂದೇ ಏಟಿಗೆ ಕೆಡಿಸುತ್ತದೆ, ಇಂಟರ್‌ಲಾಕನ್‌ನಿಂದ ಯುಂಗ್‌ಫ್ರಾವ್ ಬೆಟ್ಟ ಹತ್ತಿ ಇಳಿಯುವ ರೈಲಿಗೇ ಪಾಸ್ ಇಲ್ಲದಿದ್ದರೆ ಒಬ್ಬರಿಗೆ 200 ಫ್ರಾಂಕಿಗಿಂತ ಜಾಸ್ತಿ.

2025ರ ಮಾರ್ಚಿನಲ್ಲಿ ಅಡಿಕೆ ಗೊನೆ ಕೊಯ್ಲು, ಒಣಗಿಸುವ ಕೆಲಸ ಎಲ್ಲ ಮುಗಿಸಿ ಹೆಂಡತಿ ಜೊತೆ ಹೋದೆ. ಆಗ ಒಂದೇ ದೇಶ, ಇಟಲಿ. ವೆನಿಸ್ ಹತ್ತಿರದ ಪಡೋವಾದಲ್ಲಿ 5 ರಾತ್ರಿ, ಬೊಲೊನ್ಯಾದಲ್ಲಿ 4, ರೋಮಿನಲ್ಲಿ 5. ನಿಮಗೂ ಇದನ್ನೇ ಹೇಳುತ್ತೇನೆ. ವಿಮಾನದ ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಅಂತ ಇರುತ್ತದೆ, ಅದರಲ್ಲಿ ವೆನಿಸ್‌ನಲ್ಲಿ ಇಳಿದು ರೋಮಿನಿಂದ ಹೊರಡುವ ಹಾಗೆ ಹಾಕಿ. ಹೋದ ದಾರಿಯಲ್ಲೇ ಹಿಂದೆ ಬರುವ ಖರ್ಚೂ ಉಳಿಯುತ್ತದೆ, ಒಂದು ದಿನವೂ ಉಳಿಯುತ್ತದೆ. ಪಡೋವಾದಿಂದ ವೆನಿಸ್‌ಗೆ ಸಾದಾ ರೈಲಿನಲ್ಲೇ ಒಂದು ಗಂಟೆಯೊಳಗೆ ಹೋಗಬಹುದು, ರೂಮ್ ಬಾಡಿಗೆ ವೆನಿಸ್‌ಗಿಂತ ಎಷ್ಟೋ ಕಡಿಮೆ. ನಾವು ವೆನಿಸ್‌ಗೆ ಎರಡು ಸಲ ಬರಿಗೈಯಲ್ಲಿ ಹೋಗಿ ರಾತ್ರಿ ವಾಪಸ್ ಬಂದೆವು. ಬೊಲೊನ್ಯಾದಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ 40 ನಿಮಿಷ. ಸಾದಾ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮಶೀನಿನಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ.

ಒಂದೇ ಊರಲ್ಲಿ ಐದು ರಾತ್ರಿ ಇದ್ದರೆ ಏನು ಸಿಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಪಡೋವಾದಲ್ಲಿ ಮೂರನೇ ದಿನ ಬೆಳಿಗ್ಗೆ ಜಡಿಮಳೆ, ಏನೂ ಪ್ಲಾನ್ ಇರಲಿಲ್ಲ. ವಿಶ್ವವಿದ್ಯಾಲಯದ ಸಸ್ಯತೋಟಕ್ಕೆ ಹೋದೆವು. 1545ರಲ್ಲಿ ಶುರುವಾದ ತೋಟ, ಇಂದಿಗೂ ಅದೇ ಜಾಗದಲ್ಲಿದೆ. ಅಲ್ಲಿ ಒಂದು ತಾಳೆ ಜಾತಿಯ ಗಿಡಕ್ಕೆಂದೇ ಗಾಜಿನ ಮನೆ ಕಟ್ಟಿದ್ದಾರೆ. 1585ರಲ್ಲಿ ನೆಟ್ಟದ್ದಂತೆ. ಜರ್ಮನಿಯ ಕವಿ ಗಯಟೆ 1786ರಲ್ಲಿ ಬಂದು ಇದರ ಎಲೆ ನೋಡಿ ಬೆರಗಾಗಿದ್ದ, ಈಗಲೂ ಅವನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಬುಡದ ಎಲೆ ಒಂದೇ ಹಾಳೆಯ ಹಾಗೆ, ಮೇಲಕ್ಕೆ ಹೋದಂತೆ ಸೀಳಿ ಸೀಳಿ ಬೀಸಣಿಗೆ. ಅಡಿಕೆ ಸಸಿಯ ಮೊದಲ ಎಲೆಯೂ ಹೀಗೇ ಅಲ್ವಾ, ಎರಡು ಸೀಳಾಗಿ ಬಂದು ಆಮೇಲೆ ಗರಿಯಾಗುವುದು? ಹೆಂಡತಿ ಗಾಜಿಗೆ ಹಣೆ ತಾಗಿಸಿ ನಿಂತು, "ನಮ್ಮ ಮಾರಿಗುಡಿಗಿಂತ ಹಳೆಯದು" ಅಂದಳು. ನಿಜ, ಶಿರಸಿ ಮಾರಿಕಾಂಬೆ ಪ್ರತಿಷ್ಠೆ ಆದದ್ದು 1688ರಲ್ಲಿ, ಈ ಗಿಡ ಅದಕ್ಕಿಂತ ನೂರು ವರ್ಷ ಮೊದಲಿನದು. ಅಲ್ಲಿ ಎರಡು ಗಂಟೆ ಇದ್ದೆವು. ಆರು ಊರಿನ ಪಟ್ಟಿಯಲ್ಲಿ ಈ ಎರಡು ಗಂಟೆಗೆ ಜಾಗವೇ ಇರುತ್ತಿರಲಿಲ್ಲ.

ಪಡೋವಾದಲ್ಲೇ ಸ್ಕ್ರೊವೆನ್ಯಿ ಚಾಪೆಲ್ ಅನ್ನುವ ಪುಟ್ಟ ಚರ್ಚ್ ಇದೆ, ಚಿತ್ರಕಾರ ಜೊತ್ತೊ ಬರೆದ ಗೋಡೆ ಚಿತ್ರಗಳಿಗೆ 700 ವರ್ಷ. ಮುಂಚೆಯೇ ಬುಕ್ ಮಾಡಬೇಕು. ಗಾಳಿ ಹದ ಮಾಡುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಒಳಗೆ ಬಿಡುವುದು ಕಾಲು ಗಂಟೆಯಷ್ಟೇ.

ರೋಮಿನಲ್ಲಿ ಹೊನ್ನಾವರದವರಾದ ನೀವು ನೋಡಲೇಬೇಕಾದ ಜಾಗ ಒಂದಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ರೋಮಿನವನು 1623ರಲ್ಲಿ ಗೋವಾದಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆ ದಾಟಿ ಘಟ್ಟ ಹತ್ತಿ ಇಕ್ಕೇರಿಗೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋಗಿದ್ದ. ಆ ದಾರಿಯನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಭಾರತಕ್ಕೆ ಬರುವ ಮೊದಲೇ ತೀರಿಕೊಂಡ ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ವರ್ಷಗಟ್ಟಲೆ ತಿರುಗಿ, ಕೊನೆಗೆ ರೋಮಿಗೆ ಒಯ್ದು ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನಲ್ಲಿ ಮಣ್ಣು ಮಾಡಿದ. ಅವನನ್ನೂ ಅಲ್ಲೇ ಇಟ್ಟಿದ್ದಾರೆ. 124 ಮೆಟ್ಟಿಲು ಹತ್ತಬೇಕು, ಟಿಕೆಟ್ ಇಲ್ಲ. ನಾವು ನೋಡಿದ ಶರಾವತಿಯನ್ನು 400 ವರ್ಷ ಹಿಂದೆ ನೋಡಿದವನು ಇಲ್ಲಿದ್ದಾನಲ್ಲ ಅಂತ ಅಲ್ಲಿ ನಿಂತಾಗ ನನಗೆ ಮಾತೇ ಬರಲಿಲ್ಲ.

ಈಗ ದುಡ್ಡು. ಲೆಕ್ಕ ಸುಲಭವಾಗಲಿ ಅಂತ ಯೂರೋಗೆ 100 ರೂಪಾಯಿ ಹಿಡಿದಿದ್ದೇನೆ, ಈಗಿನ ದರ ನೋಡಿ ಸರಿಮಾಡಿಕೊಳ್ಳಿ. ನಮಗೆ ಇಬ್ಬರ ವಿಮಾನಕ್ಕೆ 1 ಲಕ್ಷ 24 ಸಾವಿರ ಆಯಿತು, ನಾಲ್ಕು ತಿಂಗಳು ಮೊದಲು ತಗೊಂಡಿದ್ದಕ್ಕೆ. ಮೇ ತಿಂಗಳಿಗೆ ಇನ್ನೂ ಸ್ವಲ್ಪ ಜಾಸ್ತಿ ಆಗಬಹುದು. ವೀಸಾ ಮತ್ತು ಇನ್ಶೂರೆನ್ಸ್ 27 ಸಾವಿರ. ರೂಮ್ ರಾತ್ರಿಗೆ ಸರಾಸರಿ 80 ಯೂರೋ, ಅಂದರೆ 14 ರಾತ್ರಿಗೆ 1 ಲಕ್ಷ 12 ಸಾವಿರ. ಊಟ ದಿನಕ್ಕೆ ಇಬ್ಬರಿಗೆ 30 ಯೂರೋ, ಒಟ್ಟು 42 ಸಾವಿರ. ರೈಲು ಬಸ್ಸು 25 ಸಾವಿರ, ಮ್ಯೂಸಿಯಂ ಅದು ಇದು 15 ಸಾವಿರ. ಒಟ್ಟು 3 ಲಕ್ಷ 45 ಸಾವಿರ. ಉಳಿದ 55 ಸಾವಿರದಲ್ಲಿ ಬೆಂಗಳೂರಿಗೆ ಹೋಗಿ ಬರುವ ಖರ್ಚು ತೆಗೆದು ಬಾಕಿಯನ್ನು ಮುಟ್ಟಬೇಡಿ, ಕಷ್ಟಕ್ಕೆ ಇರಲಿ. ಹೋಟೆಲಿನವರು ತಲೆಗೆ ಇಷ್ಟು ಅಂತ ಊರಿನ ತೆರಿಗೆ ಬೇರೆ ತಗೊಳ್ಳುತ್ತಾರೆ, ಅದನ್ನೂ ಸೇರಿಸಿಕೊಳ್ಳಿ. ತಿಂಗಳ ಮೊದಲ ಭಾನುವಾರ ಕೊಲೊಸಿಯಂ ಸೇರಿ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ, ರಶ್ ಮಾತ್ರ ವಿಪರೀತ.

ಊಟಕ್ಕೆ 30 ಯೂರೋ ಸಾಕಾಗುವುದು ಅಡುಗೆಮನೆ ಇರುವ ರೂಮ್ ಹಿಡಿದರೆ ಮಾತ್ರ. ನಾವು ಸಾರಿನ ಪುಡಿ, ಅವಲಕ್ಕಿ, ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದೆವು. ತುಪ್ಪ, ಪೇಡೆ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ಅಲ್ಲಿ ಬಿಡುವುದಿಲ್ಲ. ಅಕ್ಕಿ, ಮೊಸರು, ತರಕಾರಿ ಅಲ್ಲೇ ಸಿಗುತ್ತದೆ, ರಾತ್ರಿ ಅನ್ನ ಮಾಡಿ ಜೀರಿಗೆ ತಂಬುಳಿ ಮಾಡಿದರೆ ಮುಗಿಯಿತು. ಮಧ್ಯಾಹ್ನ ಹೊರಗೆ. ನೀವು ಮೀನು ತಿನ್ನುವವರಾದರೆ ಚಿಂತೆಯೇ ಇಲ್ಲ. ನಮ್ಮ ಹಾಗೆ ಸಸ್ಯಾಹಾರಿಗಳಾದರೆ ಒಂದು ತಿಳಿದಿರಲಿ, ಪಾರ್ಮಿಜಾನೊ ಚೀಸ್ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಹಾಕಿ ಮಾಡುವುದು. ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ, ಟೊಮೆಟೊ ಬೆಳ್ಳುಳ್ಳಿ ಅಷ್ಟೇ, ಅಗ್ಗ ಕೂಡ. ಕಾಫಿ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. ರೋಮಿನ ಬೀದಿ ನಲ್ಲಿಗಳಲ್ಲಿ ಒಳ್ಳೆಯ ಕುಡಿಯುವ ನೀರು ಪುಕ್ಕಟೆ, ಬಾಟಲಿ ಕೊಳ್ಳಬೇಡಿ.

ವೀಸಾದ್ದು ಹೆದರುವ ವಿಷಯ ಅಲ್ಲ, ಮುಂಚೆ ಮಾಡುವ ವಿಷಯ. ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ ಒಬ್ಬರಿಗೆ 90 ಯೂರೋ, ಮೇಲೆ ಅರ್ಜಿ ತಗೊಳ್ಳುವ ಕೇಂದ್ರದವರ ಸೇವಾ ಶುಲ್ಕ. ಹೊರಡುವ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಇನ್ಶೂರೆನ್ಸ್ ಕನಿಷ್ಠ 30 ಸಾವಿರ ಯೂರೋದ್ದಿರಬೇಕು. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಲೇಬೇಕು. ಮೇಗೆ ಹೋಗುವುದಾದರೆ ಜನವರಿಯಲ್ಲೇ ದಿನ ಹಿಡಿಯಿರಿ, ಬೇಸಿಗೆ ಹತ್ತಿರ ಬಂದ ಹಾಗೆ ಸಿಗುವುದು ಕಷ್ಟ. ಬ್ಯಾಂಕಿನ ಖಾತೆಗೆ ಅರ್ಜಿಗೆ ಮುಂಚೆ ಯಾರದ್ದೋ ದುಡ್ಡು ತಂದು ತುಂಬಬೇಡಿ, ದಿಢೀರ್ ಜಮಾ ಕಂಡರೆ ಅನುಮಾನ ಬರುತ್ತದೆ. ನಮಗೆ ಅಡಿಕೆ ದುಡ್ಡು ವರ್ಷಕ್ಕೆ ಎರಡು ಸಲ ಒಟ್ಟಿಗೆ ಬರುವುದು, ಅದಕ್ಕೇ ನಾನು ಪಹಣಿಯ ಇಂಗ್ಲಿಷ್ ಅನುವಾದ, ಸೊಸೈಟಿಯ ಮಾರಾಟದ ಪಟ್ಟಿ, ಒಂದು ಪುಟದ ವಿವರಣೆ ಜೊತೆಗಿಟ್ಟೆ. ನಿಮಗೆ ಸಂಬಳದ ಚೀಟಿ, ಫಾರ್ಮ್ 16, ರಜೆ ಮಂಜೂರಾದ ಪತ್ರ ಇದ್ದರೆ ಆಯಿತು. ಇಲಾಖೆಯ ಅನುಮತಿ ಮಾತ್ರ ಎಲ್ಲಕ್ಕಿಂತ ಮೊದಲು ಕೇಳಿ, ಆ ಫೈಲು ಮೇಜಿಂದ ಮೇಜಿಗೆ ಹೋಗುವುದಕ್ಕೇ ತಿಂಗಳು ಬೇಕು. ಅಕ್ಟೋಬರ್ 2025ರಿಂದ ಅಲ್ಲಿನ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ಪದ್ಧತಿ ಶುರುವಾಗಿದೆ, ಅಲ್ಲಿ ಹೊತ್ತಾಗಬಹುದು, ವಿಮಾನ ಇಳಿದ ತಕ್ಷಣಕ್ಕೇ ಹೊರಡುವ ರೈಲಿಗೆ ಮುಂಚೆಯೇ ಟಿಕೆಟ್ ಮಾಡಿಕೊಳ್ಳಬೇಡಿ.

ಯಜಮಾನರಿಗೆ ಇನ್ನೂ ಪಾಸ್‌ಪೋರ್ಟ್ ಆಗಿಲ್ಲ ಅಂದಿದ್ದೀರಿ. ಹುಬ್ಬಳ್ಳಿ ಸೇವಾ ಕೇಂದ್ರಕ್ಕೆ ಈಗಲೇ ದಿನ ತಗೊಳ್ಳಿ, 36 ಪುಟದ್ದಕ್ಕೆ 1,500 ರೂಪಾಯಿ. ನಿಮ್ಮ ಹಳೆಯದನ್ನೂ ತೆಗೆದು ನೋಡಿ, ಯುರೋಪಿನಿಂದ ಹೊರಡುವ ದಿನದ ನಂತರ ಮೂರು ತಿಂಗಳಾದರೂ ಅವಧಿ ಇರಬೇಕು. ಎರಡೂ ಕೈಗೆ ಬಂದ ಮೇಲೆ ಇಲ್ಲೇ ಬರೆಯಿರಿ, ಯಾವ ರಾತ್ರಿ ಎಲ್ಲಿ, ಯಾವ ರೈಲು ಅಂತ ಕೂತು ನೋಡಿಕೊಡುತ್ತೇನೆ.